ಜಪಾನಿ ಭಾಷೆಗೆ ಕನ್ನಡದ ದಾರಿ

ಜಪಾನಿ ಭಾಷೆಯನ್ನು ಜಪಾನಿನಲ್ಲೇ ಇದ್ದು ಕಲಿಯುವ ಪದ್ಧತಿ ಎರಡು ಕಾಲಿನ ಮೇಲೆ ನಿಂತಿದೆ: ಭಾಷಾ ಶಾಲೆ ಮತ್ತು ಶಾಲೆಯ ಹೊರಗಿನ ಬದುಕು. ವಿದ್ಯಾರ್ಥಿ ವೀಸಾ ಪಡೆದವರು ವರ್ಷಕ್ಕೆ ಕನಿಷ್ಠ 760 ಪಿರಿಯಡ್ ಪಾಠ ನಡೆಸುವ ಶಾಲೆಗೆ ಸೇರುತ್ತಾರೆ. ಅಲ್ಲಿ ಹೆಚ್ಚೆಂದರೆ ಎರಡು ವರ್ಷ ಓದಬಹುದು. ಅನುಮತಿ ಪಡೆದು ವಾರಕ್ಕೆ 28 ಗಂಟೆ ಕೆಲಸವನ್ನೂ ಮಾಡಬಹುದು. ಪಾಠದಲ್ಲಿ ಬಿಟ್ಟುಹೋದದ್ದನ್ನು ಬೀದಿ, ಅಂಗಡಿ, ಕೆಲಸದ ಜಾಗ ತುಂಬಿಕೊಡುತ್ತವೆ ಎಂಬುದು ಈ ಪದ್ಧತಿಯ ಮೂಲ ನಂಬಿಕೆ. ಇದಕ್ಕೆ ಚಾಲ್ತಿಯಲ್ಲಿರುವ ಹೆಸರು ‘ಇಮ್ಮರ್ಶನ್’.

ತುಮಕೂರು ಸೀಮೆಯಲ್ಲಿ ಈ ಪದ್ಧತಿಗೆ ದೊಡ್ಡ ಹೆಸರು ಬರಲು ಕಾರಣಗಳು ಕಣ್ಣೆದುರಿಗೇ ಇವೆ. ಜಪಾನಿ ಕಂಪನಿಗಳಿಗೆಂದು ಗುರುತಿಸಿದ ಕೈಗಾರಿಕಾ ಟೌನ್‌ಶಿಪ್ ವಸಂತನರಸಾಪುರದಲ್ಲಿದೆ. ಕುಣಿಗಲ್‌ನಿಂದ ಮಾಗಡಿ ದಾಟಿದರೆ ಬಿಡದಿಯ ಟೊಯೋಟಾ ಕಾರ್ಖಾನೆ ಸಿಗುತ್ತದೆ. 2021ರ ಜನವರಿಯಲ್ಲಿ ಭಾರತ ಮತ್ತು ಜಪಾನ್ ‘ನಿರ್ದಿಷ್ಟ ಕೌಶಲದ ಕೆಲಸಗಾರ’ರ ಒಪ್ಪಂದಕ್ಕೆ ಸಹಿ ಹಾಕಿದವು. 2025ರ ಆಗಸ್ಟ್‌ನಲ್ಲಿ ಘೋಷಿಸಿದ ಯೋಜನೆಯ ಪ್ರಕಾರ ಐದು ವರ್ಷಗಳಲ್ಲಿ 50,000 ಭಾರತೀಯರು ಜಪಾನಿಗೆ ಹೋಗಬೇಕು. ಐಟಿಐ, ಡಿಪ್ಲೊಮಾ, ಇಂಜಿನಿಯರಿಂಗ್ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಸಾಲದ ಲೆಕ್ಕ ಶುರುವಾಗಲು ಇಷ್ಟು ಸಾಕು. ‘ಅಲ್ಲಿಗೆ ಹೋದ ಮೇಲೆ ಭಾಷೆ ತಾನಾಗಿ ಬರುತ್ತೆ’ ಎಂಬ ಮಾತು ಆ ಲೆಕ್ಕದ ಜೊತೆಗೇ ಬರುತ್ತದೆ.

ಈ ಮಾತಿಗೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗಿಂತ ತುಂಬ ಹೆಚ್ಚು. ಪರದೇಶವಾಸದ ಖಾತೆಗೆ ಜಮೆಯಾಗುವ ಫಲದಲ್ಲಿ ಬಹುಪಾಲು ಹೊರಡುವ ಮುಂಚಿನ ಓದಿಗೆ ಸಲ್ಲಬೇಕಾದದ್ದು. ಆ ಓದಿಗೆ ಕನ್ನಡ ಕೊಡಬಲ್ಲ ನೆರವನ್ನಂತೂ ಬಹುತೇಕ ಯಾರೂ ಗಣನೆಗೆ ತೆಗೆದುಕೊಂಡಿಲ್ಲ. ನಮ್ಮ ಕಡೆ ಜಪಾನಿಯನ್ನು ಕಲಿಸುವುದು ಇಂಗ್ಲಿಷಿನ ಮೂಲಕ. ಕಷ್ಟದ ಅಳತೆಯೂ ಇಂಗ್ಲಿಷಿನದೇ. ಅಮೆರಿಕದ ವಿದೇಶಾಂಗ ಸೇವಾ ಸಂಸ್ಥೆ ಜಪಾನಿಗೆ 2,200 ತಾಸುಗಳ ಪಾಠ ಬೇಕೆಂದು ಲೆಕ್ಕ ಹಾಕಿರುವುದು ಇಂಗ್ಲಿಷ್ ಮಾತೃಭಾಷೆಯವರಿಗೆ. ಗುಬ್ಬಿಯ ಹುಡುಗಿಗೆ ಆ ಅಂಕಿಯನ್ನು ತೋರಿಸಿ ಹೆದರಿಸುವುದರಲ್ಲಿ ಅರ್ಥವಿಲ್ಲ.

ಅಕ್ಷರಮಾಲೆಯಿಂದಲೇ ನೋಡಬಹುದು. ಜಪಾನಿ ಕಾನಾ ಅಕ್ಷರಗಳ ಅನುಕ್ರಮ ಅ, ಇ, ಉ, ಎ, ಒ. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಬೌದ್ಧ ಪಂಡಿತರ ಸಂಸ್ಕೃತ ವ್ಯಾಸಂಗದ ಪ್ರಭಾವದಿಂದ ಬಂದ ಈ ವರ್ಣಕ್ರಮದ ಬಹುಪಾಲನ್ನು ಕನ್ನಡದ ಮಗು ಒಂದನೇ ತರಗತಿಯಲ್ಲೇ ಬಾಯಿಪಾಠ ಮಾಡಿರುತ್ತದೆ. ಹ್ರಸ್ವ ದೀರ್ಘಗಳ ಭೇದ, ಒತ್ತಕ್ಷರದ ಭೇದ ಎರಡೂ ಜಪಾನಿಯಲ್ಲಿ ಅರ್ಥವನ್ನೇ ಬದಲಿಸುತ್ತವೆ. ‘ಒಬಸನ್’ ಅಂದರೆ ಅತ್ತೆ ಅಥವಾ ಚಿಕ್ಕಮ್ಮ. ‘ಒಬಾಸನ್’ ಅಂದರೆ ಅಜ್ಜಿ. ‘ಕಿತೆ’ ಎಂಬುದು ‘ಬಂದು’, ‘ಕಿತ್ತೆ’ ಎಂಬುದು ಅಂಚೆಚೀಟಿ. ಕನ್ನಡ ಲಿಪಿಯಲ್ಲಿ ಬರೆದರೆ ಇವು ಕಣ್ಣಿಗೂ ಕಿವಿಗೂ ಬೇರೆಬೇರೆಯಾಗಿಯೇ ಇರುತ್ತವೆ. ರೋಮನ್ ಅಕ್ಷರದಲ್ಲಿ ಓದಿಕೊಂಡವರು ದೀರ್ಘವನ್ನು ನುಂಗಿ, ದಂತ್ಯ ತಕಾರವನ್ನು ಟಕಾರ ಮಾಡಿ, ಆ ತಪ್ಪನ್ನು ತಿದ್ದಿಕೊಳ್ಳಲು ಟೋಕಿಯೊದಲ್ಲಿ ಶುಲ್ಕ ಕಟ್ಟುತ್ತಾರೆ.

ವಾಕ್ಯರಚನೆಯಲ್ಲಿ ಕನ್ನಡದ ನೆರವು ಇನ್ನೂ ದೊಡ್ಡದು. ‘ತುಮಕೂರಿನಿಂದ ಗುಬ್ಬಿವರೆಗೆ ರೈಲಿನಲ್ಲಿ ಹೋಗುತ್ತೇನೆ’ ಎಂಬುದು ಜಪಾನಿಯಲ್ಲಿ ‘ತುಮಕೂರು ಕರ ಗುಬ್ಬಿ ಮದೆ ದೆನ್‌ಶ ದೆ ಇಕಿಮಸು’. ಇಂದ, ವರೆಗೆ, ಅಲ್ಲಿ, ಕ್ರಿಯಾಪದ ಎಲ್ಲವೂ ಅದೇ ಸ್ಥಾನದಲ್ಲಿ. ‘ನಿನ್ನೆ ಕುಣಿಗಲ್‌ನಿಂದ ಬಂದ ಹುಡುಗ’ ಎಂಬಲ್ಲಿ ಕೃದಂತ ನಾಮಪದದ ಮುಂದೆ ಕೂರುವ ರೀತಿಯೂ ಅದೇ. ‘ತಿಂದು ನೋಡು’ ಎಂಬಲ್ಲಿನ ‘ನೋಡು’ ಕಣ್ಣಿನ ಕೆಲಸವಲ್ಲ. ಜಪಾನಿಯ ‘ತಬೆತೆ ಮಿರು’ವಿನ ‘ಮಿರು’ ಕೂಡ ಹಾಗೆಯೇ. ‘ತಿಂದುಬಿಟ್ಟೆ’ಗೆ ‘ತಬೆತೆ ಶಿಮತ್ತ’, ‘ಬರೆದಿಡು’ವಿಗೆ ‘ಕೈತೆ ಒಕು’. ಇಂಗ್ಲಿಷ್ ಟಿಪ್ಪಣಿ ಇವುಗಳಲ್ಲಿ ಒಂದೊಂದಕ್ಕೂ ಅರ್ಧ ಪುಟದ ವಿವರಣೆ ಬೇಡುತ್ತದೆ. ಕನ್ನಡದಲ್ಲಿ ಒಂದು ಸಾಲು ಸಾಕು.

ಹೋಲಿಕೆ ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ನೋಡಬೇಕು. ಪರದೇಶವಾಸದ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿ. ‘ಕೊಡು’ ಎಂಬ ಸಹಾಯಕ ಕ್ರಿಯೆಯನ್ನು ತೆಗೆದುಕೊಳ್ಳೋಣ. ‘ನಾನು ಬರೆದುಕೊಟ್ಟೆ’, ‘ಮೇಷ್ಟ್ರು ಬರೆದುಕೊಟ್ಟರು’ ಎರಡಕ್ಕೂ ಕನ್ನಡದಲ್ಲಿ ಒಂದೇ ‘ಕೊಡು’. ಜಪಾನಿಯಲ್ಲಿ ಉಪಕಾರ ಯಾವ ಕಡೆಗೆ ಹರಿಯಿತು ಎಂಬುದನ್ನು ಕ್ರಿಯಾಪದವೇ ಹೇಳಬೇಕು. ನನ್ನಿಂದ ಹೊರಗೆ ಹೋದರೆ ‘ಕೈತೆ ಅಗೆರು’, ಹೊರಗಿನಿಂದ ನನಗೋ ನನ್ನವರಿಗೋ ಬಂದರೆ ‘ಕೈತೆ ಕುರೆರು’. ಮೂರನೆಯದು ‘ಕೈತೆ ಮೊರೌ’. ಇದಕ್ಕೆ ಹತ್ತಿರದ ಕನ್ನಡ ‘ಬರೆಸಿಕೊಳ್ಳು’. ಆದರೆ ‘ಮೇಷ್ಟ್ರ ಕೈಲಿ ಬರೆಸಿಕೊಂಡೆ’ ಎಂಬ ಮಾತಿನಲ್ಲಿ ಬೆನ್ನುಬಿದ್ದು ಕೆಲಸ ಮಾಡಿಸಿಕೊಂಡ ಛಾಯೆ ಇದೆ. ‘ಮೊರೌ’ನಲ್ಲಿ ಮುಂದೆ ನಿಲ್ಲುವುದು ಋಣ. ಕನ್ನಡಿಗ ಇಲ್ಲಿ ಕಲಿಯಬೇಕಾದ ಹೊಸ ಸಂಗತಿ ದಿಕ್ಕು ಮಾತ್ರ. ಉಪಕಾರವನ್ನು ಕ್ರಿಯಾಪದದ ಬಾಲಕ್ಕೆ ಕಟ್ಟುವ ಅಭ್ಯಾಸ ಅವನಿಗೆ ಮೊದಲೇ ಇದೆ. ‘ಬರೆದರು’, ‘ಬರೆದುಕೊಟ್ಟರು’ ಎಂಬುದರ ಅಂತರವನ್ನು ಯಾರೂ ಅವನಿಗೆ ಹೇಳಿಕೊಡಬೇಕಿಲ್ಲ.

ತೊಡಕು ಬರುವುದು ವಿನಯದಲ್ಲಿ. ‘ಸಾರ್, ನಾನು ಎತ್ಕೊಡ್ತೀನಿ’ ಎಂಬುದು ತುಮಕೂರಿನ ಯಾವ ಕಚೇರಿಯಲ್ಲೂ ಒಳ್ಳೆಯ ಮಾತು. ಅದನ್ನೇ ಜಪಾನಿಗೆ ಇಳಿಸಿ ಮೇಲಧಿಕಾರಿಗೆ ‘ಮೊತ್ತೆ ಅಗೆಮಸು’ ಎಂದರೆ, ಹೇಳಿದವನು ತಾನು ಉಪಕಾರ ಮಾಡುತ್ತಿದ್ದೇನೆಂದು ಸಾರಿಕೊಂಡಂತೆ ಕೇಳಿಸುತ್ತದೆ. ಅಲ್ಲಿ ಸಲ್ಲುವ ಮಾತು ‘ಒಮೊಚಿ ಶಿಮಸು’, ತನ್ನನ್ನು ತಗ್ಗಿಸಿಕೊಂಡು ಕೆಲಸವನ್ನಷ್ಟೇ ಹೇಳುವ ರೂಪ. ವ್ಯಾಕರಣದ ಪುಸ್ತಕಗಳು ಈ ಎಚ್ಚರಿಕೆಯನ್ನು ಒಂದೆರಡು ಸಾಲಿನಲ್ಲಿ ಕೊಡುತ್ತವೆ. ಕಾರ್ಖಾನೆಯ ಮಹಡಿ ಅಷ್ಟನ್ನೂ ಕೊಡುವುದಿಲ್ಲ. ವಿದೇಶಿಯ ತಪ್ಪನ್ನು ಮುಖದೆದುರು ತಿದ್ದುವುದು ಅಲ್ಲಿನ ಶಿಷ್ಟಾಚಾರಕ್ಕೆ ಒಗ್ಗದ ಕಾರಣ, ಅರ್ಥವಾದರೆ ಕೆಲಸ ಮುಂದಕ್ಕೆ ಸಾಗುತ್ತದೆ; ಜೊತೆಗೆ ನಿಮ್ಮ ಜಪಾನಿ ಚೆನ್ನಾಗಿದೆ ಎಂಬ ಹೊಗಳಿಕೆಯೂ ಸಿಗುತ್ತದೆ. ಹೀಗೆ ಎರಡು ವರ್ಷ ಅಲ್ಲೇ ಬದುಕಿಯೂ ಒಂದು ತಪ್ಪು ತಿದ್ದದೆ ಗಟ್ಟಿಯಾಗಬಹುದು. ಕೇಳಿದ್ದೆಲ್ಲ ಗಮನಕ್ಕೆ ಬರುವುದಿಲ್ಲ. ಗಮನಕ್ಕೆ ಬರಬೇಕಾದರೆ ಏನನ್ನು ಗಮನಿಸಬೇಕೆಂದು ಮೊದಲು ಯಾರಾದರೂ ಹೇಳಿರಬೇಕು.

ಈ ಮಾತಿಗೆ ಎದುರಾಗಿ ನಿಲ್ಲುವವರು ಸ್ಟೀಫನ್ ಕ್ರಾಶೆನ್ ಅವರ ಅನುಯಾಯಿಗಳು. ಅರ್ಥವಾಗುವ ಮಾತು ಸಾಕಷ್ಟು ಕಿವಿಗೆ ಬಿದ್ದರೆ ಭಾಷೆ ಒಳಗಿಳಿಯುತ್ತದೆ, ನಿಯಮದ ಪಾಠದಿಂದ ಹೆಚ್ಚೇನೂ ಆಗದು ಎಂಬ ಅವರ ವಾದವನ್ನು ‘ಮಗು ಕಲಿತ ಹಾಗೆ ಕಲಿಯಿರಿ’ ಎಂಬ ಜಾಹೀರಾತಾಗಿ ಇಳಿಸಲಾಗಿದೆ. 1983ರಲ್ಲಿ ರಿಚರ್ಡ್ ಶ್ಮಿಟ್ ಪ್ರಕಟಿಸಿದ ಅಧ್ಯಯನ ಈ ವಾದಕ್ಕೆ ಕೊಟ್ಟ ಪೆಟ್ಟು ಇನ್ನೂ ಮಾಸಿಲ್ಲ. ಹವಾಯಿಯಲ್ಲಿ ನೆಲೆಸಿದ ಜಪಾನಿ ಕಲಾವಿದನೊಬ್ಬ ಇಂಗ್ಲಿಷಿನ ನಡುವೆಯೇ ಬದುಕಿ ಮಾತುಗಾರನಾದ. ಅವನ ವ್ಯಾಕರಣ ಮಾತ್ರ ವರ್ಷಗಳುರುಳಿದರೂ ಹೆಚ್ಚು ಕದಲಲಿಲ್ಲ. 2004ರಲ್ಲಿ ಬಾರ್ಬರಾ ಫ್ರೀಡ್ ಮತ್ತು ಸಂಗಡಿಗರು ಫ್ರೆಂಚ್ ಕಲಿಯುವ ಅಮೆರಿಕನ್ನರನ್ನು ಹೋಲಿಸಿದಾಗ, ಫ್ರಾನ್ಸಿಗೆ ಹೋದವರಿಗಿಂತ ಸ್ವದೇಶದಲ್ಲೇ ಕಟ್ಟುನಿಟ್ಟಿನ ಫ್ರೆಂಚ್ ಶಿಬಿರದಲ್ಲಿ ಇದ್ದವರ ಮಾತಿನ ಓಟ ಹೆಚ್ಚು ಸುಧಾರಿಸಿತ್ತು. ಅದೇ ವರ್ಷ ಡ್ಯಾನ್ ಡ್ಯೂಯಿ ಜಪಾನಿ ಓದುವಿಕೆಯನ್ನು ಇದೇ ರೀತಿ ಅಳೆದರು. ಎರಡು ಗುಂಪುಗಳ ಓದುವ ಶಕ್ತಿಯಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಜಪಾನಿಗೆ ಹೋಗಿದ್ದವರಿಗೆ ತಮ್ಮ ಓದಿನ ಮೇಲೆ ಆತ್ಮವಿಶ್ವಾಸ ಮಾತ್ರ ಹೆಚ್ಚಿತ್ತು.

ಇನ್ನೊಂದು ಪಾಳೆಯದ ಜೊತೆಗೂ ಜಗಳವಿದೆ. ಸುಸುಮು ಒನೊ (1919–2008) ಎಂಬ ವಿದ್ವಾಂಸರು ಜಪಾನಿಗೂ ತಮಿಳಿಗೂ ಸಂಬಂಧ ಕಟ್ಟಿದರು. ಅದನ್ನು ಹಿಡಿದು ಜಪಾನಿ ದ್ರಾವಿಡ ನುಡಿಯೇ, ಆದ್ದರಿಂದ ನಮಗೆ ಸುಲಭ ಎನ್ನುವವರಿದ್ದಾರೆ. ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಆ ವಾದವನ್ನು ಒಪ್ಪಿಲ್ಲ. ಕ್ರಿಯಾಪದ ಕೊನೆಗೆ ಬರುವುದು ಕೊರಿಯನ್, ಮಂಗೋಲಿಯನ್, ತುರ್ಕಿ ಭಾಷೆಗಳಲ್ಲೂ ಉಂಟು. ಪಾಠಕ್ಕೆ ಬೇಕಾದದ್ದು ರಚನೆಯ ಹೋಲಿಕೆ. ಅದಕ್ಕೆ ವಂಶವೃಕ್ಷದ ಹಂಗಿಲ್ಲ. ಬಾಂಧವ್ಯದ ಉತ್ಸಾಹದಿಂದ ಆಗಿರುವ ನಷ್ಟವೆಂದರೆ, ಕನ್ನಡದ ಮೂಲಕ ಜಪಾನಿ ಕಲಿಸಬೇಕೆಂಬ ಗಂಭೀರ ಸಲಹೆಯನ್ನೂ ಜನ ಅದೇ ಪಟ್ಟಿಗೆ ಸೇರಿಸಿ ತಳ್ಳಿಹಾಕುತ್ತಾರೆ.

ಚೀನಾ ಮೂಲದ ಕಾಂಜಿ ಲಿಪಿಯ ವಿಷಯದಲ್ಲಿ ಕನ್ನಡದಿಂದಾಗಲಿ ಪರದೇಶವಾಸದಿಂದಾಗಲಿ ಹೆಚ್ಚಿನ ಸಹಾಯವಿಲ್ಲ. ನಿತ್ಯಬಳಕೆಯ ಕಾಂಜಿ 2,136. ಅಲ್ಲಿನ ಮಕ್ಕಳೇ ಪ್ರಾಥಮಿಕ ಶಾಲೆಯ ಆರು ವರ್ಷ ಕೂತು 1,026 ಕಲಿಯುತ್ತಾರೆ. ಚೀನಾದಿಂದ ಬಂದ ಸಹಪಾಠಿಗೆ ಇವು ಮೊದಲೇ ಪರಿಚಿತ. ನಮ್ಮವರಿಗೆ ದಿನದಿನದ ಬರವಣಿಗೆ ಬಿಟ್ಟು ಬೇರೆ ಉಪಾಯವಿಲ್ಲ, ಅದಕ್ಕೆ ಕುಣಿಗಲ್‌ನ ಮನೆಯ ಜಗಲಿಯೂ ಆಗುತ್ತದೆ.

ಭಾಷೆಗಾಗಿ ಊರು ಬಿಡುವುದನ್ನು ಗುಬ್ಬಿ ಒಮ್ಮೆ ಸರಿಯಾದ ಕ್ರಮದಲ್ಲಿ ಮಾಡಿ ತೋರಿಸಿದೆ. ಗುಬ್ಬಿ ವೀರಣ್ಣನವರು ತಮ್ಮ ನಾಟಕ ಕಂಪನಿಯಲ್ಲಿ ಪಳಗಿದ ಬಿ.ವಿ. ಕಾರಂತರನ್ನು ಕಾಶಿಗೆ ಓದಲು ಕಳಿಸಿದರು. ಕಾರಂತರು ಅಲ್ಲಿ ಬರಿದೇ ವಾಸ ಮಾಡಲಿಲ್ಲ, ಹಿಂದಿ ಎಂ.ಎ. ಓದಿದರು, ಓಂಕಾರನಾಥ ಠಾಕೂರರ ಬಳಿ ಸಂಗೀತ ಕಲಿತರು. ಮುಂದೆ ಅವರು ಹಿಂದಿ ರಂಗಭೂಮಿಯನ್ನೇ ಆಳಿದರು. ಹೋಗುವ ಮುನ್ನ ಪಳಗಿದ ಕಿವಿ, ಹೋದ ಮೇಲೆ ಕ್ರಮವಾದ ಪಾಠ: ಈಗಿನ ಪರದೇಶವಾಸದ ಪ್ರಚಾರದಲ್ಲಿ ಈ ಎರಡೂ ಕಾಣುವುದಿಲ್ಲ.

ಜಪಾನಿನ ವಾಸದಿಂದಲೇ ಸಿಗುವ ಸಂಗತಿಗಳೂ ಇವೆ. ಸಹಜ ಮಾತಿನ ವೇಗ, ಗೆಳೆಯರ ನಡುವಿನ ಮೊಟಕು ರೂಪಗಳು, ಒಸಾಕಾ ಕಡೆಯ ನುಡಿ, ಮನೆ ಹಿಡಿದ 14 ದಿನದೊಳಗೆ ಪುರಸಭೆಯಲ್ಲಿ ವಿಳಾಸ ನೋಂದಾಯಿಸುವಾಗಿನ ಮಾತುಕತೆ, ಕಸ ವಿಂಗಡಣೆಯ ಸೂಚನೆಪತ್ರ ಇವೆಲ್ಲ ತುಮಕೂರಿನಲ್ಲಿ ದಕ್ಕುವುದು ಕಷ್ಟ. ಆದರೆ ಇವನ್ನು ಹಿಡಿದುಕೊಳ್ಳಲು ಕೈಯಲ್ಲಿ ಭಾಷೆ ಇರಬೇಕು. ಜಪಾನಿ ಭಾಷಾ ಪರೀಕ್ಷೆ ಜೆಎಲ್‌ಪಿಟಿಯ ತೀರ ಕೆಳಗಿನ ಎನ್5 ಮಟ್ಟದಲ್ಲಿ ಹೋದವರಿಗೆ ಸಿಗುವ ಕೆಲಸ ಹೆಚ್ಚಾಗಿ ಊಟದ ಡಬ್ಬಿ ತುಂಬುವ ಕಾರ್ಖಾನೆಯಂಥ ಕಡೆ. ಅಲ್ಲಿ ಅಕ್ಕಪಕ್ಕ ನಿಲ್ಲುವವರು ನೇಪಾಳ, ವಿಯೆಟ್ನಾಮಿನ ವಿದ್ಯಾರ್ಥಿಗಳು. ಅಂಗಡಿಯ ಕೌಂಟರ್ ಸಿಕ್ಕರೂ ಬಾಯಿಪಾಠದ ಹತ್ತು ವಾಕ್ಯಗಳಲ್ಲಿ ದಿನ ಮುಗಿಯುತ್ತದೆ. ನಡುವಿನ ಮಟ್ಟವಾದ ಎನ್3 ಮುಟ್ಟಿ ಹೋದವರು ಜಪಾನಿಗಳೊಡನೆ ಮಾತಾಡಲೇಬೇಕಾದ ಕೆಲಸ ಹುಡುಕಬಲ್ಲರು.

ಆದ್ದರಿಂದ ಹೊರಡುವ ಹೊತ್ತನ್ನು ಸಾಲದ ಮಂಜೂರಾತಿಗೆ ಕಟ್ಟುವ ಬದಲು ಪರೀಕ್ಷೆಗೆ ಕಟ್ಟಬೇಕು. ಜೆಎಲ್‌ಪಿಟಿಯಲ್ಲಿ ಮಾತು, ಬರವಣಿಗೆ ಎರಡರ ಪರೀಕ್ಷೆಯೂ ಇಲ್ಲ. ಹಾಗಾಗಿ ಬಾಯಿಯ ಅಭ್ಯಾಸವನ್ನು ಬೇರೆಯಾಗಿ ಮಾಡಿಕೊಳ್ಳಬೇಕು. ಆ ಕೊರತೆಯಿದ್ದರೂ ಸಿದ್ಧತೆಯನ್ನು ಅಳೆಯಲು ಅದು ಸಾಕು. ಡಿಸೆಂಬರ್ ಮೊದಲ ಭಾನುವಾರ ಬೆಂಗಳೂರಿನಲ್ಲಿ ಎನ್3 ಬರೆದರೆ ಫಲಿತಾಂಶ ಜನವರಿ ಕೊನೆಗೆ ಬರುತ್ತದೆ. ಅದನ್ನು ಹಿಡಿದು ಅಕ್ಟೋಬರ್ ಸರದಿಯ ಪ್ರವೇಶಕ್ಕೆ ಅರ್ಜಿ ಹಾಕಲು ಸಮಯ ಉಳಿಯುತ್ತದೆ.