ಶೈಲೇಂದ್ರರ ಮೂಲವೂ ಮಲೆನಾಡಿನ ಶಾಸನಗಳೂ

ಶ್ರೀವಿಜಯ ರಾಜ್ಯದ ಚರಿತ್ರೆಯನ್ನು ಬರೆದ ಕೆ. ಎ. ನೀಲಕಂಠಶಾಸ್ತ್ರಿಗಳು (1892–1975) ಕನ್ನಡ ವಾಚಕರಿಗೆ ಚೋಳರ ಇತಿಹಾಸಕಾರರೆಂದೇ ಹೆಚ್ಚು ಪರಿಚಿತರು. ತಿರುನೆಲ್ವೇಲಿ ಸೀಮೆಯ ಕಲ್ಲಿಡೈಕುರಿಚ್ಚಿಯಲ್ಲಿ ಜನಿಸಿ, 1929ರಿಂದ ಮದರಾಸು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾಗಿದ್ದ ಇವರು, 1952ರಿಂದ ಕೆಲವು ವರ್ಷ ಮೈಸೂರಿನಲ್ಲಿ ಭಾರತಶಾಸ್ತ್ರದ ಪೀಠವನ್ನು ಅಲಂಕರಿಸಿದ್ದರು. ಸುಮಾತ್ರ, ಜಾವಾ ದ್ವೀಪಗಳ ವಿಷಯವಾಗಿ ಇವರು ಬರೆದುದು ಚೋಳಗ್ರಂಥದಷ್ಟು ವಿಸ್ತಾರವಲ್ಲ. ಆದರೂ ಇವರ ಶಕ್ತಿಯೂ ಅದರ ಮೇರೆಯೂ ಅಲ್ಲಿಯೇ ಸ್ಫುಟವಾಗಿ ಕಾಣುತ್ತವೆ.

ಶಕ್ತಿಗೆ ನಿದರ್ಶನ 1932ರ ಲೇಖನ. ಸುಮಾತ್ರದ ಲೋಬು ತುವಾದಲ್ಲಿ ದೊರೆತ ಶಕ 1010ರ (ಕ್ರಿ. ಶ. 1088) ತಮಿಳು ಶಾಸನವನ್ನು ಶಾಸ್ತ್ರಿಗಳು ಅರಸರ ಜಯಸ್ತಂಭವೆಂದು ಹಿಗ್ಗಿಸದೆ, ವರ್ತಕರ ಸಂಘವೊಂದರ ಲೇಖವೆಂದು ವಿವರಿಸಿದರು. ಆ ಸಂಘವು ನಮ್ಮ ಅಯ್ಯಾವೊಳೆಯ ಐನೂರ್ವರದೇ. ದ್ವೀಪಾಂತರವೆಂದೊಡನೆ ದಿಗ್ವಿಜಯವನ್ನು ಹಾಡುವವರ ನಡುವೆ ಈ ಸಂಯಮ ಅಪೂರ್ವವಾದುದು.

ಜಾವಾದ ಶೈಲೇಂದ್ರವಂಶದ ಮೂಲವನ್ನು ಹೇಳುವಲ್ಲಿ ಈ ಸಂಯಮ ಸಡಿಲಿತು. ರಮೇಶಚಂದ್ರ ಮಜುಂದಾರರು ಕಳಿಂಗವನ್ನು ಸೂಚಿಸಿದ್ದರೆ ಶಾಸ್ತ್ರಿಗಳು ಪಾಂಡ್ಯದೇಶವನ್ನು ಸೂಚಿಸಿದರು. ಪಾಂಡ್ಯಪ್ರಶಸ್ತಿಗಳಲ್ಲಿ ಬರುವ ಶೈಲೇಂದ್ರ ಶಬ್ದವು ಅವರ ಆಧಾರಗಳಲ್ಲೊಂದು. ಆದರೆ ಶೈಲೇಂದ್ರನೆಂದರೆ ಬೆಟ್ಟದೊಡೆಯನೆಂದಷ್ಟೇ ಅರ್ಥ. ಬೆಟ್ಟವುಳ್ಳ ಯಾವ ನಾಡಿನಲ್ಲಿಯೂ ಈ ಹೆಸರು ಹುಟ್ಟಬಹುದು. ಮಲೆಪರೊಳ್ ಗಂಡನೆಂಬ ಬಿರುದನ್ನು ಹೊತ್ತ ಹೊಯ್ಸಳರನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಹೆಸರಿನಿಂದ ವಂಶವನ್ನು ಊಹಿಸುವುದು ಎಷ್ಟು ಅಪಾಯಕರವೆಂಬುದಕ್ಕೆ ಹಾಸನ ಸೀಮೆಯ ಮಲೆಗಳಲ್ಲಿಯೇ ಸಾಕ್ಷ್ಯವುಂಟು. ಹೇಮಾವತಿಯ ದಡದ ಸಕಲೇಶಪುರ, ಅದರ ಪೂರ್ವಕ್ಕಿರುವ ಆಲೂರು, ಈ ಎರಡು ಸೀಮೆಗಳ ಬೆಟ್ಟಗಳು ತೆಂಕಲಾಗಿ ಇಳಿದು ಅರಕಲಗೂಡನ್ನೂ ಉತ್ತರ ಕೊಡಗನ್ನೂ ಮುಟ್ಟುವಲ್ಲಿ ಕೊಂಗಾಳ್ವರು ಆಳಿದರು. ಪನಸೋಗೆಯ ಯುದ್ಧದಲ್ಲಿ ಪರಾಕ್ರಮ ತೋರಿದ ಮನಿಜನಿಗೆ ರಾಜರಾಜ ಚೋಳನು ಕ್ಷತ್ರಿಯಶಿಖಾಮಣಿ ಕೊಂಗಾಳ್ವನೆಂಬ ಬಿರುದನ್ನೂ ಮಾಲವ್ವಿಯನ್ನೂ ಕೊಟ್ಟನು. ಅನಂತರ ಬಂದವರು ರಾಜೇಂದ್ರ ಚೋಳ ಪೃಥ್ವೀಕೊಂಗಾಳ್ವರೆಂದು ಕರೆಯಿಸಿಕೊಂಡರು. ಮನಿಜನ ವೃತ್ತಾಂತ ಉಳಿಯದೆ ಈ ಹೆಸರೊಂದೇ ಉಳಿದಿದ್ದರೆ, ತಂಜಾವೂರಿನ ರಾಜಕುಮಾರನೊಬ್ಬನು ಮಲೆಗೆ ಬಂದು ನೆಲೆಸಿದನೆಂದು ವಿದ್ವಾಂಸರು ಬರೆಯುತ್ತಿದ್ದರಲ್ಲವೆ? ವಾಸ್ತವದಲ್ಲಿ ಅವರು ಚೋಳರ ಹೆಸರನ್ನು ಧರಿಸಿದ ಸ್ಥಳೀಯ ನಾಯಕರು. ಒಡೆಯನ ಹೆಸರು ಅವರಿಗೆ ಆಭರಣ, ರಕ್ತಸಂಬಂಧದ ಗುರುತಲ್ಲ.

ಜಾವಾದಲ್ಲಿಯೂ ಹೀಗೆಯೇ ಆಯಿತೆಂದು ಕಾಣುತ್ತದೆ. 1960ರ ದಶಕದಲ್ಲಿ ಮಧ್ಯ ಜಾವಾದ ಸೋಜೊಮೆರ್ತೊ ಗ್ರಾಮದಲ್ಲಿ ದೊರೆತ ಶಿಲಾಲೇಖದಲ್ಲಿ ದಾಪುಂತ ಸೆಲೇಂದ್ರನೆಂಬುವನ ಹೆಸರಿದೆ. ಅವನ ತಂದೆ ಸಂತನು, ತಾಯಿ ಭದ್ರವತಿ. ಹೆಸರುಗಳೇನೋ ಸಂಸ್ಕೃತದವು, ಲೇಖದ ಭಾಷೆಯಾದರೋ ಹಳೆಯ ಮಲಯ. ಇವನೇ ವಂಶಕ್ಕೆ ಮೂಲಪುರುಷನೆಂದು ಭಾವಿಸುವವರಿಗೆ ಕಳಿಂಗವೂ ಬೇಡ, ಪಾಂಡ್ಯದೇಶವೂ ಬೇಡ.

ಈ ಲೇಖವು ಬೆಳಕಿಗೆ ಬಂದುದು ಶಾಸ್ತ್ರಿಗಳ ಶ್ರೀವಿಜಯಗ್ರಂಥ (1949) ಪ್ರಕಟವಾದ ಮೇಲೆ. ಅದನ್ನು ಕಾಣದುದಕ್ಕಾಗಿ ಅವರಲ್ಲಿ ದೋಷವೆಣಿಸುವುದು ನ್ಯಾಯವಲ್ಲ. ಹಾಸನ ಜಿಲ್ಲೆಯ ಶಾಸನಗಳಾದರೋ ರೈಸರ ಸಂಪುಟದಲ್ಲಿ 1902ರಲ್ಲಿಯೇ ಅಚ್ಚಾಗಿದ್ದುವು.