ಪ್ರತಿಯ ವೇಗವೂ ಪ್ರತಿಯ ಪ್ರಾಮಾಣ್ಯವೂ: ನೆಟ್‌ವರ್ಕಿನ ಮೂಲಕ ಡಿಸ್ಕ್ ಇಮೇಜಿಂಗ್ ಮಾಡುವ ಮುಕ್ತ ತಂತ್ರಾಂಶಗಳ ಪರೀಕ್ಷೆಯನ್ನು ಕುರಿತು

೧

ಒಂದು ಮೂಲದಿಂದ ಅನೇಕ ಪ್ರತಿಗಳನ್ನು ಎತ್ತುವ ಕಾರ್ಯದಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಪ್ರತಿಯು ಎಷ್ಟು ಬೇಗ ಸಿದ್ಧವಾಯಿತೆಂಬುದು ಮೊದಲನೆಯದು. ಅದು ಮೂಲಕ್ಕೆ ಎಷ್ಟರಮಟ್ಟಿಗೆ ನಿಷ್ಠವಾಗಿದೆಯೆಂಬುದು ಎರಡನೆಯದು. ನಮ್ಮ ಓಲೆಗರಿಗಳ ಲಿಪಿಕಾರರು ಕೃತಿಯ ಕೊನೆಯಲ್ಲಿ, ತಾವು ಕಂಡಂತೆ ಬರೆದಿರುವುದಾಗಿಯೂ ತಪ್ಪಿದ್ದಲ್ಲಿ ದೋಷವು ತಮ್ಮದಲ್ಲವೆಂದೂ ಅರ್ಥವಾಗುವ ಮಾತನ್ನು ಸೇರಿಸುತ್ತಿದ್ದುದು ಹಸ್ತಪ್ರತಿಗಳ ಪರಿಚಯವುಳ್ಳ ವಾಚಕರಿಗೆ ವಿದಿತವಾಗಿಯೇ ಇದೆ. ಲಿಪಿಕಾರನ ಈ ಮಾತನ್ನು ಗ್ರಂಥಸಂಪಾದಕನು ಎಂದೂ ಪ್ರಮಾಣವೆಂದು ಅಂಗೀಕರಿಸುವುದಿಲ್ಲ. ಪ್ರತಿಯನ್ನು ಮೂಲದೊಡನೆ ಹೋಲಿಸಿ ನೋಡಿದ ಮೇಲೆಯೇ ಅದರ ಬೆಲೆಯನ್ನು ನಿರ್ಣಯಿಸುತ್ತಾನೆ. ಇಂದು ಗಣಕಯಂತ್ರಗಳ ಡಿಸ್ಕುಗಳನ್ನು ನೆಟ್‌ವರ್ಕಿನ ಮೂಲಕ ಪ್ರತಿ ಮಾಡುವ ತಂತ್ರಾಂಶಗಳ ವಿಷಯದಲ್ಲಿಯೂ ಇದೇ ನ್ಯಾಯವು ಅನ್ವಯಿಸಬೇಕೆಂಬುದು ನಮ್ಮ ಅಭಿಪ್ರಾಯ. ಈ ತಂತ್ರಾಂಶಗಳನ್ನು ಕುರಿತ ಪ್ರಸಿದ್ಧವಾದ ಎರಡು ಹೇಳಿಕೆಗಳನ್ನು ಇಲ್ಲಿ ಪರಿಶೀಲಿಸಿ, ಅವು ಏನನ್ನು ಸಿದ್ಧಪಡಿಸುತ್ತವೆ, ಏನನ್ನು ಸಿದ್ಧಪಡಿಸುವುದಿಲ್ಲ ಎಂಬುದನ್ನು ವಿಚಾರಿಸಲು ಯತ್ನಿಸುತ್ತೇವೆ.

ಡಿಸ್ಕ್ ಇಮೇಜಿಂಗ್ ಎಂದರೆ ಒಂದು ಗಣಕದ ಡಿಸ್ಕಿನಲ್ಲಿರುವ ಕಾರ್ಯಾಚರಣ ವ್ಯವಸ್ಥೆ, ತಂತ್ರಾಂಶಗಳು, ಕಡತಗಳು ಇವೆಲ್ಲವನ್ನೂ ಇದ್ದ ವಿನ್ಯಾಸದಲ್ಲಿಯೇ ಎತ್ತಿಕೊಂಡು ಒಂದು ಇಮೇಜ್ ಆಗಿ ಕೂಡಿಡುವುದು. ಈ ಇಮೇಜನ್ನು ಸರ್ವರಿನಲ್ಲಿ ಇರಿಸಿದರೆ, ಪ್ರಯೋಗಶಾಲೆಯ ನಲವತ್ತು ಗಣಕಗಳಿಗೂ ಅದನ್ನು ಒಮ್ಮೆಲೇ ಹಂಚಬಹುದು. ನಲವತ್ತು ಯಂತ್ರಗಳ ಮುಂದೆ ಒಬ್ಬೊಬ್ಬರಾಗಿ ಕುಳಿತು ಎಲ್ಲವನ್ನೂ ಹೊಸದಾಗಿ ಸ್ಥಾಪಿಸುವ ಶ್ರಮವು ಇದರಿಂದ ತಪ್ಪುತ್ತದೆ. ಗಣಕವು ತನ್ನ ಡಿಸ್ಕನ್ನು ಬಿಟ್ಟು ನೆಟ್‌ವರ್ಕಿನಿಂದಲೇ ಎಚ್ಚರಗೊಳ್ಳುವ ಏರ್ಪಾಡು ಇದಕ್ಕೆ ಅವಶ್ಯಕ. ಇಂಟೆಲ್ ಸಂಸ್ಥೆಯು ೧೯೯೯ರಲ್ಲಿ ಪ್ರಕಟಿಸಿದ ಪಿಎಕ್ಸ್‌ಇ ಎಂಬ ನಿಯಮಾವಳಿಯು ಈ ಏರ್ಪಾಡಿಗೆ ಆಧಾರವಾಗಿದೆ.

ಈ ಕಲೆಯ ಇತಿಹಾಸವು ದೀರ್ಘವಾದುದಲ್ಲ. ನ್ಯೂಜಿಲೆಂಡಿನ ಮರೆ ಹ್ಯಾಜರ್ಡ್ ಎಂಬುವರು ೧೯೯೫ರಲ್ಲಿ ರಚಿಸಿದ ಘೋಸ್ಟ್ ಎಂಬ ತಂತ್ರಾಂಶವು ಇದನ್ನು ಜನಪ್ರಿಯಗೊಳಿಸಿತು. ೧೯೯೮ರಲ್ಲಿ ಸಿಮ್ಯಾಂಟೆಕ್ ಸಂಸ್ಥೆಯು ಅದನ್ನು ಕೊಂಡುಕೊಂಡಿತು; ನಾರ್ಟನ್ ಘೋಸ್ಟ್ ಎಂಬ ಹೆಸರಿನಿಂದ ನಡೆದುಬಂದ ಅದರ ಮಾರಾಟವು ೨೦೧೩ರಲ್ಲಿ ನಿಂತುಹೋಯಿತು. ಈ ನಡುವೆ ಮೂಲಸಂಕೇತವನ್ನು ಎಲ್ಲರಿಗೂ ತೆರೆದಿಟ್ಟ ತಂತ್ರಾಂಶಗಳು ಹುಟ್ಟಿಕೊಂಡವು. ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಫ್ರಿಸ್ಬೀ, ತೈವಾನಿನ ರಾಷ್ಟ್ರೀಯ ಉನ್ನತ ಗಣನ ಕೇಂದ್ರದ ಕ್ಲೋನ್‌ಜಿಲ್ಲಾ, ೨೦೦೭ರಲ್ಲಿ ಚಕ್ ಸಿಪರ್ಸ್ಕಿ ಮತ್ತು ಜಿಯಾನ್ ಜಾಂಗ್ ಎಂಬುವರು ಆರಂಭಿಸಿದ ಫಾಗ್ ಇವು ಅವುಗಳಲ್ಲಿ ಮುಖ್ಯವಾದವು. ಈ ಕೊನೆಯದರ ಹೆಸರೇ ಮುಕ್ತ ಘೋಸ್ಟ್ ಎಂಬ ಅರ್ಥವನ್ನು ಸೂಚಿಸುತ್ತದೆ.

೨

ಈಗ ಪ್ರಸ್ತುತ ಹೇಳಿಕೆಗಳನ್ನು ನೋಡೋಣ. ಫ್ರಿಸ್ಬೀಯನ್ನು ಕುರಿತು ಮೈಕ್ ಹಿಬ್ಲರ್ ಮೊದಲಾದವರು ೨೦೦೩ರಲ್ಲಿ ಯೂಸ್‌ನಿಕ್ಸ್ ಸಮ್ಮೇಳನಕ್ಕೆ ಸಲ್ಲಿಸಿದ ಪ್ರಬಂಧದ ಸಾರಾಂಶದಲ್ಲಿ, ೮೦ ಡಿಸ್ಕುಗಳಿಗೆ ಒಟ್ಟು ೫೦ ಗಿಗಾಬೈಟ್ ದತ್ತಾಂಶವನ್ನು ೩೪ ಸೆಕೆಂಡುಗಳಲ್ಲಿ ಬರೆಯಬಹುದೆಂದು ಹೇಳಿದೆ. ಕ್ಲೋನ್‌ಜಿಲ್ಲಾದ ನಿರ್ಮಾಪಕರು ತಮ್ಮ ಕೇಂದ್ರದ ಒಂದು ತರಗತಿಯಲ್ಲಿ ೫.೬ ಗಿಗಾಬೈಟ್‌ಗಳ ಇಮೇಜನ್ನು ೪೧ ಗಣಕಗಳಿಗೆ ಸುಮಾರು ೧೦ ನಿಮಿಷಗಳಲ್ಲಿ ಹಂಚಿದುದಾಗಿ ಹೇಳಿರುವರು. ಎರಡೂ ಪ್ರಯೋಗಗಳಲ್ಲಿ ಬಳಕೆಯಾದ ಉಪಾಯವು ಮಲ್ಟಿಕಾಸ್ಟ್. ಎಂದರೆ ಸರ್ವರು ಒಮ್ಮೆ ಕಳುಹಿಸಿದುದನ್ನು ಎಲ್ಲ ಗಣಕಗಳೂ ಏಕಕಾಲದಲ್ಲಿ ಸ್ವೀಕರಿಸುವುದು. ಈ ಉಪಾಯದ ಮಹತ್ವವನ್ನು ಒಂದು ಸರಳ ಗಣಿತದಿಂದ ತಿಳಿಯಬಹುದು. ೫.೬ ಗಿಗಾಬೈಟ್‌ಗಳನ್ನು ೪೧ ಗಣಕಗಳಿಗೆ ಬೇರೆ ಬೇರೆಯಾಗಿ ಕಳುಹಿಸಿದರೆ ಒಟ್ಟು ಮೊತ್ತವು ಸುಮಾರು ೨೩೦ ಗಿಗಾಬೈಟ್ ಆಗುತ್ತದೆ. ಸೆಕೆಂಡಿಗೆ ೧೦೦ ಮೆಗಾಬಿಟ್ ಸಾಗಿಸುವ ಒಂದು ತಂತಿಯು ತನ್ನ ಪೂರ್ಣ ಶಕ್ತಿಯಿಂದ ದುಡಿದರೂ ಇದಕ್ಕೆ ಐದು ಗಂಟೆಗಳಿಗಿಂತ ಹೆಚ್ಚು ಕಾಲ ಬೇಕು. ಮಲ್ಟಿಕಾಸ್ಟಿನಲ್ಲಿ ಅದೇ ತಂತಿಯ ಮೇಲೆ ಎಂಟು ನಿಮಿಷಗಳೊಳಗೆ ಅದು ಸಾಗಬಲ್ಲುದು. ಹೀಗಿರುವಲ್ಲಿ ನಿರ್ಮಾಪಕರ ಹೆಮ್ಮೆಯು ನಿರಾಧಾರವಾದುದೆಂದು ಯಾರೂ ಹೇಳಲಾರರು.

ಆದರೆ ಈ ಎರಡು ಹೇಳಿಕೆಗಳನ್ನು ಒಂದರ ಪಕ್ಕದಲ್ಲೊಂದನ್ನು ಇಟ್ಟು ಫ್ರಿಸ್ಬೀಯು ಎಷ್ಟು ಪಟ್ಟು ಶೀಘ್ರವಾದುದೆಂದು ನಿರ್ಣಯಿಸಲು ಹೊರಡುವವರು ಎಚ್ಚರದಿಂದಿರಬೇಕು. ಒಟ್ಟು ಮೊತ್ತದ ಲೆಕ್ಕದಲ್ಲಿ ಫ್ರಿಸ್ಬೀಯ ವೇಗವು ಸೆಕೆಂಡಿಗೆ ಸುಮಾರು ೧೪೭೦ ಮೆಗಾಬೈಟ್, ಕ್ಲೋನ್‌ಜಿಲ್ಲಾದ ವೇಗವು ಸುಮಾರು ೩೮೩ ಮೆಗಾಬೈಟ್. ಹೆಚ್ಚುಕಡಿಮೆ ನಾಲ್ಕು ಪಟ್ಟಿನ ಅಂತರ. ಒಂದೊಂದು ಡಿಸ್ಕಿನ ಲೆಕ್ಕದಲ್ಲಿ ಅವು ಕ್ರಮವಾಗಿ ೧೮.೪ ಮತ್ತು ೯.೩ ಮೆಗಾಬೈಟ್, ಅಂತರವು ಎರಡು ಪಟ್ಟಿಗೆ ಇಳಿಯಿತು. ಗಣಕಗಳ ಸಂಖ್ಯೆಯನ್ನು ಹೆಚ್ಚಿಸಿದಷ್ಟೂ ಮಲ್ಟಿಕಾಸ್ಟಿನಲ್ಲಿ ಒಟ್ಟು ಮೊತ್ತವು ತಾನಾಗಿಯೇ ಹೆಚ್ಚುವುದರಿಂದ, ಆ ಮೊತ್ತವು ತಂತ್ರಾಂಶದ ಗುಣವನ್ನು ಹೇಳುವಷ್ಟೇ ಪ್ರಯೋಗಶಾಲೆಯ ವಿಸ್ತಾರವನ್ನೂ ಹೇಳುತ್ತದೆ.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಫ್ರಿಸ್ಬೀಯ ೫೦ ಗಿಗಾಬೈಟ್ ಎಂಬುದು ಡಿಸ್ಕುಗಳ ಮೇಲೆ ಬರೆಯಲ್ಪಟ್ಟ ದತ್ತಾಂಶ. ಅದು ತಂತಿಯ ಮೇಲೆ ಸಂಕುಚಿತ ರೂಪದಲ್ಲಿ ಸಾಗಿ, ಗಣಕವನ್ನು ತಲುಪಿದ ಮೇಲೆ ಹಿಗ್ಗಿದುದು. ಕ್ಲೋನ್‌ಜಿಲ್ಲಾದ ೫.೬ ಗಿಗಾಬೈಟ್ ಎಂಬುದು ಇಮೇಜಿನ ಅಳತೆ. ಸಂಕುಚಿಸುವ ಮುನ್ನಿನ ಅಳತೆಯೋ ಅನಂತರದ ಅಳತೆಯೋ ಎಂಬುದನ್ನು ಆ ವಾಕ್ಯವು ತಿಳಿಸುವುದಿಲ್ಲ. ಒಂದು ಶಾಸನದಲ್ಲಿ ಮತ್ತರೆಂದೂ ಇನ್ನೊಂದರಲ್ಲಿ ಕಂಬವೆಂದೂ ಭೂಮಿಯ ಅಳತೆ ಬಂದಿರುವಾಗ, ಆಯಾ ಸೀಮೆಯ ಮಾನದಂಡವನ್ನು ಅರಿಯದೆ ಯಾವ ದತ್ತಿಯು ದೊಡ್ಡದೆಂದು ಹೇಳುವ ಸಾಹಸವನ್ನು ಇತಿಹಾಸಕಾರನು ಮಾಡುವುದಿಲ್ಲ. ಇಲ್ಲಿಯೂ ಅದೇ ಸಂಯಮವು ಯುಕ್ತ. ಡಿಸ್ಕಿನ ಬಳಕೆಯಾದ ಭಾಗವೆಷ್ಟು, ಇಮೇಜಿನ ಗಾತ್ರವೆಷ್ಟು, ತಂತಿಯ ಶಕ್ತಿಯೆಷ್ಟು, ಡಿಸ್ಕಿನ ಬರೆಯುವ ವೇಗವೆಷ್ಟು ಎಂಬ ನಾಲ್ಕು ಅಂಕಗಳಿಲ್ಲದೆ ಕೇವಲ ನಿಮಿಷಗಳನ್ನು ಕೊಟ್ಟರೆ, ಅದು ಪ್ರಶಂಸೆಯಾಗಬಹುದೇ ಹೊರತು ಪರೀಕ್ಷೆಯಾಗಲಾರದು.

೩

ಪ್ರತಿಯ ನಿಷ್ಠೆಯ ವಿಷಯಕ್ಕೆ ಬರೋಣ. ಫ್ರಿಸ್ಬೀಯ ಸಾರಾಂಶವು ಶೀಘ್ರತೆ, ವಿಶ್ವಾಸಾರ್ಹತೆ ಎರಡನ್ನೂ ಹೇಳಿ, ಅಂಕವನ್ನು ಶೀಘ್ರತೆಗೆ ಮಾತ್ರ ಒದಗಿಸುತ್ತದೆ. ಈ ವರ್ಗದ ಬರಹಗಳಲ್ಲೆಲ್ಲ ಕಾಣುವ ಪ್ರವೃತ್ತಿ ಇದು. ವೇಗವನ್ನು ಗಡಿಯಾರದಿಂದ ಅಳೆಯಬಹುದು. ನಿಷ್ಠೆಯನ್ನು ಅಳೆಯುವುದು ಪ್ರಯಾಸದ ಕೆಲಸ. ಆದರೂ ಮಲ್ಟಿಕಾಸ್ಟಿನ ಸ್ವರೂಪವನ್ನು ಬಲ್ಲವರು ಈ ಪ್ರಯಾಸವನ್ನು ತಪ್ಪಿಸಿಕೊಳ್ಳುವಂತಿಲ್ಲ. ಅದು ಆಶ್ರಯಿಸಿರುವ ಯುಡಿಪಿ ಎಂಬ ಸಾಗಣೆಯ ಕ್ರಮದಲ್ಲಿ, ಕಳುಹಿಸಿದ ತುಣುಕುಗಳೆಲ್ಲ ತಲುಪುವುವೆಂಬ ಭರವಸೆಯಿಲ್ಲ. ಕಳೆದುಹೋದ ತುಣುಕನ್ನು ಮತ್ತೆ ಕೇಳಿ ಪಡೆಯುವ ಹೊಣೆಯು ತಂತ್ರಾಂಶದ್ದೇ ಆಗಿರುತ್ತದೆ. ಕ್ಲೋನ್‌ಜಿಲ್ಲಾ ಮತ್ತು ಫಾಗ್‌ಗಳು ಈ ಕಾರ್ಯಕ್ಕೆ ಅಲೇನ್ ಕ್ನಾಫ್ ಎಂಬುವರ ಯುಡಿಪಿಕಾಸ್ಟನ್ನು ಅವಲಂಬಿಸಿವೆ. ಫ್ರಿಸ್ಬೀಯು ಬೇರೊಂದು ಮಾರ್ಗವನ್ನು ಹಿಡಿದಿದೆ. ಇಮೇಜನ್ನು ಒಂದೊಂದು ಮೆಗಾಬೈಟಿನ ಸ್ವತಂತ್ರ ಖಂಡಗಳಾಗಿ ವಿಭಾಗಿಸಿ, ಯಾವ ಖಂಡವು ಯಾವಾಗ ಬಂದರೂ ಅದನ್ನು ಬಿಡಿಸಿ ಅದರ ಸ್ಥಾನದಲ್ಲಿ ಬರೆಯುವಂತೆ ಅದನ್ನು ರಚಿಸಿದ್ದಾರೆ. ತಡವಾಗಿ ಬಂದ ಗಣಕವೂ ನಡುವಿನಿಂದ ಸೇರಿಕೊಂಡು, ತನಗೆ ದೊರೆಯದ ಖಂಡಗಳನ್ನು ಮಾತ್ರ ಆಮೇಲೆ ಕೇಳಬಹುದು. ನಮ್ಮ ದೃಷ್ಟಿಯಲ್ಲಿ ಆ ಪ್ರಬಂಧದ ನಿಜವಾದ ಸಾಧನೆಯು ೩೪ ಸೆಕೆಂಡುಗಳಲ್ಲಿಲ್ಲ, ಈ ರಚನೆಯಲ್ಲಿದೆ.

ಪರೀಕ್ಷೆಗೆ ಸಾಧನಗಳು ಇಲ್ಲವೆಂದಲ್ಲ. ಕ್ಲೋನ್‌ಜಿಲ್ಲಾವು ಇಮೇಜನ್ನು ಕೂಡಿಟ್ಟ ಕೂಡಲೇ ಅದನ್ನು ಮರಳಿ ಸ್ಥಾಪಿಸಬಹುದೇ ಎಂದು ಪರಿಶೀಲಿಸುವ ಸೌಕರ್ಯವನ್ನು ಕೊಡುತ್ತದೆ. ಅದರ ಅಂಗವಾದ ಪಾರ್ಟ್‌ಕ್ಲೋನ್ ಎಂಬ ತಂತ್ರಾಂಶವು ಇಮೇಜಿನೊಳಗೆ ಚೆಕ್‌ಸಮ್‌ಗಳನ್ನು, ಎಂದರೆ ದತ್ತಾಂಶದಿಂದ ಲೆಕ್ಕಹಾಕಿ ಪಡೆದ ತಾಳೆಯ ಅಂಕಗಳನ್ನು, ಸೇರಿಸುತ್ತದೆ. ಆದರೆ ಈ ಪರಿಶೀಲನೆಯು ಸರ್ವರಿನಲ್ಲಿರುವ ಇಮೇಜಿಗೆ ಸಂಬಂಧಿಸಿದುದು; ನಲವತ್ತು ಡಿಸ್ಕುಗಳ ಮೇಲೆ ಕೊನೆಗೆ ಬರೆಯಲ್ಪಟ್ಟುದು ಏನು ಎಂಬುದಕ್ಕೆ ಅದು ಸಾಕ್ಷಿಯಲ್ಲ. ಮುದ್ರಣಕ್ಕೆ ಹೋದ ಕರಡನ್ನು ತಿದ್ದಿದ ಮಾತ್ರಕ್ಕೆ ಅಚ್ಚಾಗಿ ಬಂದ ಹಾಳೆಯು ಶುದ್ಧವಾಗಿದೆಯೆಂದು ಹೇಳಲಾಗುವುದಿಲ್ಲವಷ್ಟೆ. ಆದುದರಿಂದ ಹಂಚಿಕೆಯು ಮುಗಿದ ಬಳಿಕ ಕೆಲವು ಗಣಕಗಳ ಡಿಸ್ಕನ್ನು ಮತ್ತೆ ಓದಿ ಮೂಲದೊಡನೆ ತಾಳೆ ನೋಡಬೇಕು. ಅದನ್ನೂ ಗಣಕವನ್ನು ಹೊಸ ವ್ಯವಸ್ಥೆಯಿಂದ ಪ್ರಥಮ ಬಾರಿ ಎಬ್ಬಿಸುವ ಮೊದಲೇ ಮಾಡಬೇಕು. ಏಕೆಂದರೆ ಒಮ್ಮೆ ಎದ್ದ ವ್ಯವಸ್ಥೆಯು ತನ್ನ ದಾಖಲೆಗಳನ್ನು ಬರೆಯತೊಡಗುವುದರಿಂದ ಆಮೇಲಿನ ಹೋಲಿಕೆಯು ನಿರರ್ಥಕವಾಗುತ್ತದೆ.

ಪರೀಕ್ಷಿಸುವ ಸಾಧನವನ್ನೂ ಪರೀಕ್ಷಿಸಬೇಕೆಂಬುದಕ್ಕೆ ಪಾರ್ಟ್‌ಕ್ಲೋನಿನ ಚರಿತ್ರೆಯಲ್ಲಿಯೇ ನಿದರ್ಶನವಿದೆ. ಅದರ ಹಿಂದಿನ ಇಮೇಜ್ ವಿನ್ಯಾಸದಲ್ಲಿ ಚೆಕ್‌ಸಮ್ ಗಣಿಸುವ ಕ್ರಮದಲ್ಲಿಯೇ ದೋಷವಿದ್ದಿತು. ಮುಂದಿನ ವಿನ್ಯಾಸದಲ್ಲಿ ಅದನ್ನು ತಿದ್ದಿದರು. ಹಳೆಯ ಇಮೇಜುಗಳನ್ನು ಓದುವ ಸಲುವಾಗಿ ಹಳೆಯ ಗಣನಕ್ರಮವನ್ನು ಬೇರೆ ಹೆಸರಿನಿಂದ ಉಳಿಸಿಕೊಂಡರು. ಅಪಪಾಠವನ್ನು ಪಠ್ಯದಿಂದ ತೆಗೆದು ಅಡಿಟಿಪ್ಪಣಿಯಲ್ಲಿ ಕಾಪಾಡುವ ಸಂಪಾದಕನ ಶಿಸ್ತಿಗೆ ಇದು ಸಮಾನವಾದುದು. ಮೂಲಸಂಕೇತವು ತೆರೆದಿದ್ದುದರಿಂದಲೇ ಈ ದೋಷವನ್ನೂ ಅದರ ಪರಿಹಾರವನ್ನೂ ಇಂದು ಯಾರು ಬೇಕಾದರೂ ಓದಬಹುದಾಗಿದೆ. ಹೀಗೆಯೇ, ಮೊದಲು ಪಾರ್ಟಿಮೇಜ್ ಎಂಬುದನ್ನು ಅವಲಂಬಿಸಿದ್ದ ಫಾಗ್, ಅನಂತರ ಪಾರ್ಟ್‌ಕ್ಲೋನನ್ನು ಸ್ವೀಕರಿಸಿದರೂ ಹಿಂದಿನ ರೂಪದ ಇಮೇಜುಗಳಿಗೆ ಅವಕಾಶವನ್ನು ಉಳಿಸಿತು. ಮುಕ್ತ ತಂತ್ರಾಂಶವು ಬೆಲೆಯಿಲ್ಲದೆ ದೊರೆಯುವುದೆಂಬುದು ಅದರ ಅಲ್ಪಗುಣ. ತನ್ನ ತಪ್ಪನ್ನು ಪರರ ಪರಿಶೀಲನೆಗೆ ಒಡ್ಡುವುದೇ ಅದರ ಮಹಾಗುಣ.

೪

ನಿಷ್ಠೆ ಎಂಬ ಮಾತನ್ನು ಯಾವ ಅರ್ಥದಲ್ಲಿ ತೆಗೆದುಕೊಳ್ಳಬೇಕೆಂಬುದೂ ವಿಚಾರಾರ್ಹವಾಗಿದೆ. ಪ್ರಯೋಗಶಾಲೆಯ ಗಣಕಗಳಿಗೆ ಅಕ್ಷರಶಃ ನಿಷ್ಠವಾದ ಪ್ರತಿಯು ಒಂದು ವಿಧದಲ್ಲಿ ದೋಷಯುಕ್ತವೇ ಸರಿ. ನಲವತ್ತು ಯಂತ್ರಗಳಿಗೂ ಒಂದೇ ಹೆಸರು, ಒಂದೇ ಗುರುತಿನ ಸಂಖ್ಯೆ, ಒಂದೇ ರಹಸ್ಯ ಕೀಲಿ ಇದ್ದರೆ ನೆಟ್‌ವರ್ಕಿನಲ್ಲಿ ಅವುಗಳನ್ನು ಪ್ರತ್ಯೇಕಿಸುವುದು ಹೇಗೆ? ಇದನ್ನು ಅರಿತೇ ತೈವಾನಿನ ಬಳಗವು ವಿಂಡೋಸ್ ಪ್ರತಿಗಳ ಹೆಸರು ಮತ್ತು ಗುರುತನ್ನು ಬದಲಿಸುವ ಪ್ರತ್ಯೇಕ ಸಾಧನವೊಂದನ್ನು ರಚಿಸಿದೆ; ಫಾಗ್ ಕೂಡ ಹೆಸರನ್ನು ಬದಲಿಸುವ ಏರ್ಪಾಡನ್ನು ಹೊಂದಿದೆ. ಪರೀಕ್ಷೆಯ ವರದಿಗಳು ಈ ಹಂತವನ್ನು ಬಿಟ್ಟುಬಿಡುವುದು ಸರಿಯಲ್ಲ. ಹತ್ತು ನಿಮಿಷಗಳ ಹಂಚಿಕೆಯ ಹಿಂದೆ ಎರಡು ಗಂಟೆಗಳ ತಿದ್ದುಪಡಿಯು ಅಡಗಿದ್ದರೆ ಆ ಹತ್ತು ನಿಮಿಷಗಳಿಗೆ ಅರ್ಥವೇನು?

ಇದಕ್ಕೆ ವಿರುದ್ಧವಾದ ಸಂದರ್ಭವು ಪತ್ರಾಗಾರದ್ದು. ಈ ತಂತ್ರಾಂಶಗಳ ವೇಗದ ಬಹುಭಾಗವು ಡಿಸ್ಕಿನ ಬಳಕೆಯಾದ ಭಾಗವನ್ನು ಮಾತ್ರ ನಕಲು ಮಾಡಿ, ಖಾಲಿಯೆಂದು ಗುರುತಾದ ಭಾಗವನ್ನು ಬಿಡುವುದರಿಂದ ಬಂದಿದೆ. ಆದರೆ ಆ ಖಾಲಿ ಭಾಗದಲ್ಲಿಯೇ ಅಳಿಸಿದ ಕಡತಗಳ ಅವಶೇಷಗಳು ಇರಬಲ್ಲವು. ಒಬ್ಬ ಲೇಖಕನ ಗಣಕವು ಪತ್ರಾಗಾರಕ್ಕೆ ಬಂದಾಗ, ಅವನು ಹೊಡೆದುಹಾಕಿದ ಸಾಲುಗಳು ಸಂಶೋಧಕನಿಗೆ ಉಳಿಸಿದ ಸಾಲುಗಳಷ್ಟೇ ಮುಖ್ಯವಾದಾವು. ೨೦೧೧ರಲ್ಲಿ ಅಮೆರಿಕದ ಉತ್ತರ ಕೆರೊಲಿನಾ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ಆರಂಭಿಸಿದ ಬಿಟ್‌ಕ್ಯುರೇಟರ್ ಎಂಬ ಯೋಜನೆಯು ಇಂತಹ ಸಂದರ್ಭಗಳಿಗಾಗಿಯೇ ಅಪರಾಧ ಪತ್ತೆಯ ಶಾಸ್ತ್ರದಿಂದ ಸಾಧನಗಳನ್ನು ಎರವಲು ತಂದಿತು. ಪ್ರಯೋಗಶಾಲೆಗೆ ಉತ್ತಮವಾದ ತಂತ್ರಾಂಶವನ್ನು ಪತ್ರಾಗಾರಕ್ಕೆ ವಿವೇಚನೆಯಿಲ್ಲದೆ ಒಯ್ದರೆ, ಕಲ್ಲಿನ ಮೇಲಿನ ಅಳಿಸಿದ ಅಕ್ಷರಗಳನ್ನು ಬಿಟ್ಟು ಸ್ಪಷ್ಟವಾದುದನ್ನು ಮಾತ್ರ ಅಚ್ಚೆತ್ತಿಕೊಂಡಂತೆ ಆಗುತ್ತದೆ.

೫

ಇಷ್ಟರಿಂದ ಈ ತಂತ್ರಾಂಶಗಳ ನಿರ್ಮಾಪಕರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಕ್ಲೋನ್‌ಜಿಲ್ಲಾದವರು ತಮ್ಮ ಕೃತಿಯ ಮಿತಿಗಳನ್ನು ತಾವೇ ಹೇಳಿಕೊಂಡಿರುವರು: ಪ್ರತಿಯನ್ನು ಪಡೆಯುವ ಡಿಸ್ಕ್ ಭಾಗವು ಮೂಲದಷ್ಟಾದರೂ ದೊಡ್ಡದಿರಬೇಕು, ನಕಲು ಮಾಡುವಾಗ ಆ ಭಾಗವು ಬಳಕೆಯಲ್ಲಿರಬಾರದು. ಇಂತಹ ಪ್ರಾಮಾಣಿಕತೆಯು ವಾಣಿಜ್ಯದ ಜಾಹೀರಾತುಗಳಲ್ಲಿ ವಿರಳ. ನಮ್ಮ ಆಕ್ಷೇಪಣೆಯು ಅವರ ಅಂಕಗಳನ್ನು ವಿಚಾರಿಸದೆ ಪುನರುಚ್ಚರಿಸುವ ನಮ್ಮಂತಹ ಬಳಕೆದಾರರ ಮೇಲೆಯೇ ಹೆಚ್ಚಾಗಿ ಬೀಳುತ್ತದೆ. ತೆರೆದ ಮೂಲಸಂಕೇತವು ಪರೀಕ್ಷೆಗೆ ಅವಕಾಶವನ್ನು ಕೊಡುತ್ತದೆಯೇ ವಿನಾ ಪರೀಕ್ಷೆಯನ್ನು ತಾನೇ ನಡೆಸುವುದಿಲ್ಲ.

ವಿಶ್ವವಿದ್ಯಾನಿಲಯಗಳ ಪ್ರಯೋಗಶಾಲೆಗಳು ಈ ಕಾರ್ಯಕ್ಕೆ ಅತ್ಯಂತ ಯೋಗ್ಯವಾದ ಸ್ಥಳಗಳು. ಅಲ್ಲಿ ಒಂದೇ ಬಗೆಯ ಗಣಕಗಳು ಅನೇಕವಾಗಿರುತ್ತವೆ; ಪ್ರತಿ ಶೈಕ್ಷಣಿಕ ಅವಧಿಯಲ್ಲಿಯೂ ಅವುಗಳನ್ನು ಹೊಸದಾಗಿ ಸಿದ್ಧಪಡಿಸಬೇಕಾಗುತ್ತದೆ. ಆಗೆಲ್ಲ ತಂತ್ರಾಂಶದ ಆವೃತ್ತಿ, ದಿನಾಂಕ, ದತ್ತಾಂಶದ ಮತ್ತು ಇಮೇಜಿನ ಗಾತ್ರ, ಹಿಡಿದ ಕಾಲ, ಮತ್ತೆ ಓದಿ ತಾಳೆ ನೋಡಿದ ಡಿಸ್ಕುಗಳ ಸಂಖ್ಯೆ, ಅವುಗಳಲ್ಲಿ ತಾಳೆಯಾಗದೆ ಉಳಿದವು ಎಷ್ಟು, ನಡುವೆ ವಿದ್ಯುತ್ತು ನಿಂತಾಗ ಏನಾಯಿತು ಎಂಬ ವಿವರಗಳನ್ನು ಒಂದು ಪುಟದಲ್ಲಿ ಬರೆದಿಟ್ಟು ನಿರ್ಮಾಪಕರಿಗೂ ಕಳುಹಿಸಿಕೊಟ್ಟರೆ, ಕೆಲವು ವರ್ಷಗಳಲ್ಲಿ ವೇಗದ ಹೇಳಿಕೆಗಳ ಸ್ಥಾನದಲ್ಲಿ ವಿಶ್ವಾಸಾರ್ಹವಾದ ಸಾಕ್ಷ್ಯದ ಸಂಗ್ರಹವೊಂದು ಬೆಳೆದೀತು. ವಿದ್ಯಾರ್ಥಿಯ ಒಂದು ವರ್ಷದ ಶ್ರಮವೂ ಸಂಶೋಧಕನ ಹತ್ತು ವರ್ಷಗಳ ಟಿಪ್ಪಣಿಗಳೂ ಇಂದು ಇಂತಹ ಡಿಸ್ಕುಗಳ ಮೇಲೆಯೇ ನಿಂತಿವೆ. ಅವುಗಳ ಪ್ರತಿಯು ಸರಿಯಾಗಿದೆಯೆಂದು ನಂಬುವುದಕ್ಕೂ ಸರಿಯಾಗಿದೆಯೆಂದು ನೋಡಿ ತಿಳಿಯುವುದಕ್ಕೂ ಇರುವ ಭೇದವನ್ನು, ಡಿಸ್ಕು ಕೆಟ್ಟ ದಿನಕ್ಕಿಂತ ಮೊದಲೇ ಅರಿಯುವುದು ಲೇಸು.