ಕಲೆ ಉಳಿಸಿ ಅಕ್ಷರ ಕಳೆಯುವ ಸ್ಕ್ರಿಪ್ಟು

ಪಿಡಿಎಫ್ ಕಡತದೊಳಗೆ ಹುದುಗಿರುವ ಚಿತ್ರ, ಧ್ವನಿ, ದೃಶ್ಯಗಳನ್ನು ಮನೆಯ ಗಣಕದಲ್ಲಿಯೇ ಪತ್ತೆಹಚ್ಚಿ ಹೊರತೆಗೆಯಲು ಬಳಸುವ ಸಾಧನವೆಂದರೆ ಸ್ಕ್ರಿಪ್ಟು. ಅಂದರೆ ಮನುಷ್ಯ ಪುಟಪುಟವಾಗಿ ಮಾಡಬೇಕಾದ ಕೆಲಸವನ್ನು ಯಂತ್ರವೇ ಸಾಲಾಗಿ ಮಾಡಿ ಮುಗಿಸುವಂತೆ ಬರೆದಿಟ್ಟ ಆಜ್ಞೆಗಳ ಪಟ್ಟಿ. ಹಳೆಯ ಗ್ರಂಥಗಳ ಡಿಜಿಟಲೀಕರಣದಲ್ಲಿ ಈ ಪದ್ಧತಿಗೆ ದೊರೆತಿರುವ ಮನ್ನಣೆ ಅದರ ಯೋಗ್ಯತೆಯನ್ನು ಮೀರಿದ್ದು. ಸಾವಿರ ಪುಟಗಳನ್ನು ನಿಮಿಷಗಳಲ್ಲಿ ಜಾಲಾಡಿದ್ದೇ ಸಾಧನೆಯೆಂದು ಎಣಿಸಲಾಗುತ್ತಿದೆಯೇ ಹೊರತು, ಜಾಲಾಡಿದ ಮೇಲೆ ಕೈಗೆ ಬಂದದ್ದೇನು ಎಂಬ ಪರೀಕ್ಷೆ ನಡೆಯುವುದು ಅಪರೂಪ.

ಪರೀಕ್ಷೆಗೆ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಶಾಸನಗಳಿಗಿಂತ ತಕ್ಕ ಸಾಮಗ್ರಿ ಬೇಕಿಲ್ಲ. ಬಿ. ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನಮಾಲೆಯ 7ನೆಯ ಸಂಪುಟ (1902) ಶಿಕಾರಿಪುರವನ್ನೂ 8ನೆಯದು (1904) ಸೊರಬವನ್ನೂ ಒಳಗೊಂಡಿವೆ. ತಾಳಗುಂದದ ಕಂಬಶಾಸನ, ಬಳ್ಳಿಗಾವೆಯ ಮಠ ದೇಗುಲಗಳ ದತ್ತಿಗಳು, ಸೊರಬದ ಊರೂರಿನ ವೀರಗಲ್ಲುಗಳು, ಇವೆಲ್ಲ ಬಹುಪಾಲು ಓದುಗರಿಗೆ ಇಂದು ದಕ್ಕುವುದು ಈ ಸಂಪುಟಗಳ ಸ್ಕ್ಯಾನ್ ಪ್ರತಿಗಳ ಮೂಲಕ. ಈ ಶಾಸನಗಳ ಮಹತ್ವವನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ.

ಇಂಥ ಪ್ರತಿಗಳ ಮೇಲೆ ಮೊದಲು ಪ್ರಯೋಗವಾಗುವುದು ಸಾಮಾನ್ಯವಾಗಿ ಪಿಡಿಎಫ್‌ಇಮೇಜಸ್ ಎಂಬ ಸಣ್ಣ ಸಲಕರಣೆ. ಕಡತದ ಪ್ರತಿ ಪುಟದಲ್ಲಿ ಎಷ್ಟು ಚಿತ್ರವಸ್ತುಗಳಿವೆ, ಅವುಗಳ ಅಗಲ ಎತ್ತರವೆಷ್ಟು, ಯಾವ ವಿಧಾನದಿಂದ ಅವನ್ನು ಕುಗ್ಗಿಸಿಡಲಾಗಿದೆ ಎಂಬುದನ್ನು ಅದು ಪಟ್ಟಿಮಾಡುತ್ತದೆ. ಸ್ಕ್ರಿಪ್ಟು ಆ ಪಟ್ಟಿಯನ್ನು ಓದಿ ಬೇಕಾದ ಸಾಲುಗಳನ್ನು ಆರಿಸಿಕೊಳ್ಳುತ್ತದೆ. ತೊಡಕು ಶುರುವಾಗುವುದು ಈ ಆಯ್ಕೆಯಲ್ಲಿಯೇ. ಕಡತದ ಗಾತ್ರ ತಗ್ಗಿಸಲೆಂದು ಅನೇಕ ಸ್ಕ್ಯಾನ್ ಪ್ರತಿಗಳಲ್ಲಿ ಒಂದೇ ಪುಟವನ್ನು ಎರಡು ಮೂರು ಪದರಗಳಾಗಿ ಒಡೆದಿರುತ್ತಾರೆ: ಕಾಗದದ ಹಳದಿ ಬಣ್ಣ, ತೇವದ ಕಲೆ, ಅಂಚಿನ ನೆರಳು ಒಂದು ಪದರದಲ್ಲಿ ಮಸುಕಾಗಿ ನಿಂತರೆ, ಅಕ್ಷರಗಳ ಆಕಾರ ಕಪ್ಪುಬಿಳುಪಿನ ಮತ್ತೊಂದು ಪದರದಲ್ಲಿ ಚೊಕ್ಕಟವಾಗಿ ನಿಲ್ಲುತ್ತದೆ. ಮೊದಲನೆಯದಕ್ಕೆ ಪಟ್ಟಿಯಲ್ಲಿ ‘ಇಮೇಜ್’ ಎಂಬ ಹೆಸರು ಬಿದ್ದರೆ ಎರಡನೆಯದಕ್ಕೆ ‘ಮಾಸ್ಕ್’ ಎಂದೋ ‘ಎಸ್‌ಮಾಸ್ಕ್’ ಎಂದೋ, ಅಂದರೆ ಮರೆಪದರವೆಂಬ ಹೆಸರು, ಬೀಳುತ್ತದೆ. ಮರೆಪದರವು ಚಿತ್ರವಲ್ಲ ಎಂಬ ತೋರಿಕೆಯ ತರ್ಕದಿಂದ ಆ ಸಾಲುಗಳನ್ನು ಸೋಸಿ ಹಾಕುವುದು ಸ್ಕ್ರಿಪ್ಟು ಬರೆಯುವವರ ರೂಢಿ. ಫಲವಾಗಿ ಕಾಗದದ ಕಲೆಗಳು ಅಚ್ಚುಕಟ್ಟಾಗಿ ಕಡತಕೋಶ ಸೇರುತ್ತವೆ, ಶಾಸನದ ಅಕ್ಷರಗಳು ಕಸದ ಬುಟ್ಟಿ ಸೇರುತ್ತವೆ; ಪ್ರತಿ ಪುಟಕ್ಕೂ ಒಂದು ಚಿತ್ರ ದೊರೆತಿರುವುದರಿಂದ ಎಣಿಕೆ ಮಾತ್ರ ತಪ್ಪುವುದಿಲ್ಲ.

ಮರೆಪದರವನ್ನು ಉಳಿಸಿಕೊಂಡರೂ ಅಪಾಯ ಮುಗಿಯಲಿಲ್ಲ. ಕಪ್ಪುಬಿಳುಪು ಪದರಕ್ಕೆ ಹೆಚ್ಚಾಗಿ ಬಳಕೆಯಾಗುವ ಜೆಬಿಗ್2 ಎಂಬ ಸಂಕೋಚನದ ನಷ್ಟಸಹಿತ ಬಗೆಯಲ್ಲಿ, ಒಂದನ್ನೊಂದು ಹೋಲುವ ಆಕಾರಗಳನ್ನು ಒಂದೇ ಎಂದು ಬಗೆದು, ಒಂದರ ಜಾಗದಲ್ಲಿ ಮತ್ತೊಂದನ್ನು ಕೂರಿಸುವ ಸಾಧ್ಯತೆಯಿದೆ. ಝೆರಾಕ್ಸ್ ಯಂತ್ರಗಳ ಸ್ಕ್ಯಾನ್‌ಗಳಲ್ಲಿ 6 ಇದ್ದಲ್ಲಿ 8 ಬಂದು ಕೂತ ಪ್ರಕರಣ 2013ರಲ್ಲಿ ಜಗತ್ತಿನ ಗಮನಕ್ಕೆ ಬಂತು. ಕನ್ನಡದಲ್ಲಿ ದಕಾರಕ್ಕೂ ಧಕಾರಕ್ಕೂ, ಡಕಾರಕ್ಕೂ ಢಕಾರಕ್ಕೂ ಇರುವ ಅಂತರವೇ ಹೊಟ್ಟೆ ಸೀಳಿದ ಒಂದು ಪುಟ್ಟ ಗೆರೆ. ಅಲ್ಪಪ್ರಾಣ ಮಹಾಪ್ರಾಣಗಳ ಬಳಕೆಯನ್ನು ನೋಡಿ ಶಾಸನದ ಭಾಷೆಯ ಬಗ್ಗೆ ವಾದ ಹೂಡುವ ವಿದ್ವಾಂಸರು, ತಾವು ಆಧರಿಸಿದ ಪ್ರತಿಯನ್ನು ಯಾವ ವಿಧಾನದಿಂದ ಕುಗ್ಗಿಸಲಾಗಿದೆ ಎಂದು ವಿಚಾರಿಸಿದ ಉದಾಹರಣೆ ಎಷ್ಟಿದೆ?

ಚಿತ್ರಗಳ ಪಟ್ಟಿಯಾದ ಮೇಲೆ ಸ್ಕ್ರಿಪ್ಟು ನಡೆಸುವ ಎರಡನೆಯ ತಪಾಸಣೆ ಪಠ್ಯದ್ದು. ಪುಟದಲ್ಲಿ ಪಠ್ಯ ಹುದುಗಿದೆಯೇ ಎಂದು ಸ್ಕ್ರಿಪ್ಟು ನೋಡುತ್ತದೆ. ಇದ್ದರೆ, ಅಕ್ಷರದ ಚಿತ್ರವನ್ನು ಅಕ್ಷರವಾಗಿಸುವ ಓಸಿಆರ್ ತಂತ್ರಾಂಶವನ್ನು ಮತ್ತೆ ಓಡಿಸುವ ಗೋಜಿಲ್ಲವೆಂದು ಮುಂದೆ ಸಾಗುತ್ತದೆ. ಆದರೆ ಕನ್ನಡವನ್ನೇ ಅರಿಯದ ಓಸಿಆರ್ ಹಿಂದೊಮ್ಮೆ ಓಡಿದ್ದರೆ ಕನ್ನಡ ಪುಟದ ಹಿಂದೆಯೂ ರೋಮನ್ ಅಕ್ಷರಗಳ ಗೋಜಲೊಂದು ಅಗೋಚರ ಪದರವಾಗಿ ಕುಳಿತಿರುತ್ತದೆ. ಸ್ಕ್ರಿಪ್ಟಿನ ಕಣ್ಣಿಗೆ ಅದೂ ಪಠ್ಯವೇ. ರೈಸ್ ಸಂಪುಟಗಳಲ್ಲಿ ಪ್ರತಿ ಶಾಸನವೂ ಮೂರು ಕಡೆ ಬರುತ್ತದೆ: ಇಂಗ್ಲಿಷ್ ಅನುವಾದದಲ್ಲಿ, ರೋಮನ್ ಲಿಪ್ಯಂತರದಲ್ಲಿ, ಕನ್ನಡ ಲಿಪಿಯ ಪಾಠದಲ್ಲಿ. ಈ ವಿಧಾನದಲ್ಲಿ ಅನುವಾದ ಹೆಚ್ಚುಕಡಿಮೆ ಸರಿಯಾಗಿ ಉಳಿದರೆ, ಲಿಪ್ಯಂತರದ ದೀರ್ಘಚಿಹ್ನೆಗಳು ಉದುರಿಹೋಗುತ್ತವೆ, ಕನ್ನಡ ಪಾಠವಂತೂ ಇಲ್ಲವೇ ಇಲ್ಲ. ಬಳ್ಳಿಗಾವೆಯ ಕೋಡಿಮಠದಲ್ಲಿ ಯಾವ ಯಾವ ಶಾಸ್ತ್ರಗಳ ಪಾಠ ನಡೆಯುತ್ತಿತ್ತೆಂದು ವಿವರಿಸುವ 1162ರ ಶಾಸನವನ್ನು (ರೈಸರ ಸಂಪುಟದಲ್ಲಿ ಶಿಕಾರಿಪುರ 102) ಹುಡುಕಿದವರಿಗೆ ಸಿಗುವುದು ರೈಸರ ಇಂಗ್ಲಿಷ್ ಮಾತ್ರ. ಅನುವಾದವೇ ಆಕರವಾಗಿ ಚಲಾವಣೆಗೆ ಬರುತ್ತದೆ. ಯಾರೂ ಉದ್ದೇಶಪೂರ್ವಕವಾಗಿ ಮಾಡದ ಈ ಸ್ಥಾನಪಲ್ಲಟವು ಈ ಪದ್ಧತಿಯ ಅತಿ ದೊಡ್ಡ ಅಪರಾಧ.

ಇಲ್ಲಿ ವಿಮರ್ಶಕರ ಎರಡು ಬಣಗಳೊಡನೆ ಜಗಳ ಅನಿವಾರ್ಯ. ಒಂದು ಬಣದ ಪ್ರಕಾರ ಇದೆಲ್ಲ ತಾತ್ಕಾಲಿಕ; ಕನ್ನಡ ಬಲ್ಲ ಟೆಸೆರಾಕ್ಟ್‌ನಂಥ ಓಸಿಆರ್‌ಗಳು ಬಂದಿರುವುದರಿಂದ ಎಲ್ಲವೂ ತಾನಾಗಿ ಸರಿಹೋಗುತ್ತದೆ. ಇಂದಿನ ಬರಹದ ಮೇಲೆ ಪಳಗಿದ ತಂತ್ರಾಂಶಕ್ಕೆ ಱ, ೞ ಅಕ್ಷರಗಳು ತುಂಬಿದ ನಡುಗಾಲದ ಪಾಠವನ್ನು ಒಪ್ಪಿಸಿ ಸುಮ್ಮನಿರುವ ಈ ನಿಲುವು ಆಶಾವಾದವಲ್ಲ, ಸೋಮಾರಿತನ. ಮೇಲಾಗಿ, ಹೊಸ ಓಸಿಆರ್ ಎಷ್ಟೇ ಜಾಣವಾಗಿದ್ದರೂ ಹಳೆಯ ಗೋಜಲನ್ನು ಪಠ್ಯವೆಂದು ನಂಬಿದ ಸ್ಕ್ರಿಪ್ಟು ಅದನ್ನು ಕರೆಯುವುದೇ ಇಲ್ಲವಲ್ಲ! ಇನ್ನೊಂದು ಬಣ ಯಂತ್ರವನ್ನು ಮುಟ್ಟುವುದೇ ಶಾಸನಶಾಸ್ತ್ರಕ್ಕೆ ಕಳಂಕವೆಂದು ನಂಬಿ, ಕಲ್ಲಿನ ಮುಂದೆ ನಿಂತು ಓದಿದ್ದೇ ಓದು ಎನ್ನುತ್ತದೆ. ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಿನ ಕಂಬದ ಶಾಸನವನ್ನು (ಶಿಕಾರಿಪುರ 176) ರೈಸರ ನಂತರ ಕೀಲ್‌ಹಾರ್ನ್ ಎಪಿಗ್ರಾಫಿಯಾ ಇಂಡಿಕಾದ 8ನೆಯ ಸಂಪುಟದಲ್ಲಿ ಮರುಸಂಪಾದಿಸಿದ್ದನ್ನು ಮೆಚ್ಚುವ ಇದೇ ಪಂಡಿತರು, ಆ ಎರಡು ಪಾಠಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಲು ಬೇಕಾದ ಪಠ್ಯಕಡತವನ್ನು ಸಿದ್ಧಪಡಿಸುವ ಗೊಡವೆಗೆ ಹೋಗುವುದಿಲ್ಲ. ಮೊದಲ ಬಣಕ್ಕೆ ಶಾಸನ ಬೇಡ, ಎರಡನೆಯದಕ್ಕೆ ಓದುಗರು ಬೇಡ.

   

ನ್ಯಾಯಕ್ಕಾಗಿ ಒಂದು ಮಾತು: ಛಾಯಾಫಲಕಗಳನ್ನು ಗುಣ ಕೆಡದಂತೆ, ಮರುಸಂಕೋಚನವಿಲ್ಲದೆ ಹೊರತೆಗೆಯುವುದರಲ್ಲಿ ಪಿಡಿಎಫ್‌ಇಮೇಜಸ್‌ನಂಥ ಸಲಕರಣೆಗಳಿಗೆ ಸಾಟಿಯಿಲ್ಲ. ಆದರೆ ಸೊರಬದ ವೀರಗಲ್ಲುಗಳ ವಿಷಯದಲ್ಲಿ ಆ ಗುಣವೂ ನಿರುಪಯೋಗಿ. ರೈಸರ ಗಮನವೆಲ್ಲ ಪಾಠದ ಮೇಲಿದ್ದುದರಿಂದ, ಕಾಳಗವನ್ನೂ ವೀರನ ಸ್ವರ್ಗಾರೋಹಣವನ್ನೂ ತೋರಿಸುವ ಶಿಲ್ಪಪಟ್ಟಿಕೆಗಳು ಬಹುಪಾಲು ಪುಸ್ತಕಕ್ಕೆ ಬಂದೇ ಇಲ್ಲ. ಇಲ್ಲದ ಚಿತ್ರವನ್ನು ಯಾವ ಸ್ಕ್ರಿಪ್ಟೂ ಪತ್ತೆಹಚ್ಚದು.

ಉಪೇಕ್ಷೆಗೆ ಗುರಿಯಾದ ಸಾಧನವೊಂದು ರೈಸರಲ್ಲಿಯೇ ಇದೆ. ತಾಲ್ಲೂಕಿನ ಹೆಸರಿನೊಡನೆ ಬರುವ ಶಾಸನದ ಕ್ರಮಸಂಖ್ಯೆಯೇ ಅದು. ಮೂರು ಭಾಗಗಳನ್ನೂ ಜೋಡಿಸುವ ಎಳೆ ಪುಟವಲ್ಲ, ಚಿತ್ರವಸ್ತುವಲ್ಲ, ಆ ಸಂಖ್ಯೆ. ಪ್ರತಿ ಸಂಖ್ಯೆಯ ಎದುರು ಊರು, ಶಾಸನವಿರುವ ಜಾಗ, ಮೂರು ಭಾಗಗಳ ಪುಟಗಳು, ಇಷ್ಟನ್ನು ಕೈಯಿಂದ ಟೈಪು ಮಾಡಿದ ಪಟ್ಟಿಯೊಂದನ್ನು ಮೊದಲು ಸಿದ್ಧಪಡಿಸಿ, ಕನ್ನಡ ಪಾಠದ ಪುಟಗಳಲ್ಲಿ ಕನ್ನಡ ಲಿಪಿಯೇ ಇದೆಯೇ ಎಂದು ನೋಡುವ ಸ್ಕ್ರಿಪ್ಟನ್ನು ಅದರ ಹಿಂದೆ ಓಡಿಸಿದರೆ ಯಾವ ಶಾಸನದ ಕನ್ನಡ ಪಾಠ ಕಾಣೆಯಾಗಿದೆ ಎಂಬುದನ್ನು ಅದೇ ಯಂತ್ರ ತಪ್ಪದೆ ಹೇಳುತ್ತದೆ. ಶಿಕಾರಿಪುರ, ಸೊರಬಗಳ ಯಾವುದೇ ಪದವಿ ಕಾಲೇಜಿನ ಕನ್ನಡ ಅಥವಾ ಇತಿಹಾಸ ವಿಭಾಗ ತನ್ನ ವಿದ್ಯಾರ್ಥಿಗಳಿಂದ ಮಾಡಿಸಬಹುದಾದ ಕೆಲಸವಿದು. ಅಂಥ ಪಟ್ಟಿ ಸಿದ್ಧವಾಗುವವರೆಗೆ, ಈ ಎರಡು ಸಂಪುಟಗಳು ಡಿಜಿಟಲ್ ಆಗಿವೆ ಎಂಬ ಮಾತನ್ನು ಒಪ್ಪಲು ಕಾರಣವಿಲ್ಲ.